ಲವ್‌ಡೇಲ್‌ನ ಸೈನಿಕ ಮಕ್ಕಳ ಶಾಲೆ: ಚರಿತ್ರೆ ಬರೆಯಹೊರಟವರಿಗೆ

ಹಳೆಯ ಶಾಲೆಯೊಂದರ ಚರಿತ್ರೆ ಬರೆಯಬೇಕೆಂದು ಮನಸ್ಸು ಮಾಡಿದವರು ಮೊದಲ ದಿನವೇ ಆ ಶಾಲೆಯ ಗೇಟಿಗೆ ಹೋಗಿ ನಿಲ್ಲಬಾರದು. ನಿಂತರೆ ಯಾವ ಊರಿನಲ್ಲಾದರೂ ಆಗುವುದು ಒಂದೇ. ಕಾವಲಿನವರು ಒಳಗೆ ಫೋನ್ ಮಾಡುತ್ತಾರೆ, ಒಳಗಿನಿಂದ ಬಣ್ಣದ ಕೈಪಿಡಿಯೊಂದು ಬರುತ್ತದೆ. ಅದರಲ್ಲಿ ಸ್ಥಾಪಕರ ಭಾವಚಿತ್ರ, ಧ್ಯೇಯವಾಕ್ಯ, ಹೆಸರು ಮಾಡಿದ ಹಳೆಯ ವಿದ್ಯಾರ್ಥಿಗಳ ಪಟ್ಟಿ. ನೀವು ಅದನ್ನೇ ಹಿಗ್ಗಿಸಿ ನಲವತ್ತು ಪುಟ ಮಾಡಿ, ಸುವರ್ಣ ಮಹೋತ್ಸವಕ್ಕೋ ವಜ್ರ ಮಹೋತ್ಸವಕ್ಕೋ ಅಚ್ಚು ಹಾಕಿಸುತ್ತೀರಿ. ಅಂಥ ಸ್ಮರಣ ಸಂಚಿಕೆಗಳು ನನ್ನ ಕಪಾಟಿನಲ್ಲಿ ಬೇಕಾದಷ್ಟಿವೆ. ಒಂದನ್ನು ಓದಿದರೆ ಎಲ್ಲವನ್ನೂ ಓದಿದಂತೆ.

ನಾನು ಇತಿಹಾಸದ ಮೇಷ್ಟರಲ್ಲ. ನೀಲಗಿರಿ ಬೆಟ್ಟದ ರೈಲಿನಲ್ಲಿ ಬುಕಿಂಗ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಮನೆಮಾತು ಕನ್ನಡ, ಮೂಲ ಗುಂಡ್ಲುಪೇಟೆಯ ಕಡೆ, ಊಟಿಗೆ ಬಂದು ಮೂರು ತಲೆಮಾರಾಯಿತು. ಟಿಕೆಟ್ ಕಿಟಕಿಯ ಮುಂದೆ ನಿಂತು, ಟಿಕೆಟ್ ಕೇಳುವುದನ್ನು ಬಿಟ್ಟು, ‘ನನ್ನ ಮುತ್ತಜ್ಜ ಇಲ್ಲಿ ಲಾರೆನ್ಸ್ ಅಸೈಲಮ್‌ನಲ್ಲಿ ಬೆಳೆದವರಂತೆ, ಎಲ್ಲಿ ವಿಚಾರಿಸಬೇಕು’ ಎಂದು ಕೇಳುತ್ತಿದ್ದ ಇಂಗ್ಲೆಂಡಿನ, ಆಸ್ಟ್ರೇಲಿಯಾದ ವೃದ್ಧರೇ ನನ್ನನ್ನು ಈ ಹುಚ್ಚಿಗೆ ಹಚ್ಚಿದರು. ಅವರ ಹಿಂದೆ ಕ್ಯೂ ಬೆಳೆಯುತ್ತಿತ್ತು, ಜನ ಗೊಣಗುತ್ತಿದ್ದರು. ‘ಸಂಜೆ ಬನ್ನಿ, ಮಾತಾಡೋಣ’ ಎಂದು ಕಳುಹಿಸುತ್ತಿದ್ದೆ. ಅವರು ಕೇಳುತ್ತಿದ್ದ ಅಸೈಲಮ್, ಅಂದರೆ ಆಶ್ರಯಶಾಲೆ, ಲವ್‌ಡೇಲ್‌ನ ಈ ಶಾಲೆಯೇ. ಅವರ ಪಾಲಿಗೆ ಲವ್‌ಡೇಲ್ ಸಮುದ್ರದಾಚೆಯ ಯಾವುದೋ ಗುಡ್ಡದ ಮೇಲಿದ್ದ ಪಡೆಶಾಲೆ. ನಮಗೆ ಅದು ಕೇತ್ತಿ ಆದ ಮೇಲೆ, ಊಟಿಗೆ ಮುಂಚೆ ಸಿಗುವ ಸಣ್ಣ ನಿಲ್ದಾಣ. ಎರಡೂ ಕಣ್ಣಿನಿಂದ ನೋಡಬಲ್ಲವರು ಈ ಚರಿತ್ರೆ ಬರೆದರೆ ಒಳ್ಳೆಯದು. ಈಚೆಗೆ ಚಾಮರಾಜನಗರದಿಂದಲೂ ತಾಳವಾಡಿಯಿಂದಲೂ ಕಾಲೇಜಿನ ಹುಡುಗರು ಬಂದು ಕೇಳುತ್ತಿರುವುದರಿಂದ, ಎಲ್ಲರಿಗೂ ಬೇರೆ ಬೇರೆಯಾಗಿ ಹೇಳುವ ಬದಲು ಒಮ್ಮೆಗೇ ಬರೆದಿಡುತ್ತಿದ್ದೇನೆ.

ಮೊದಲು ಎಲುಬುಗೂಡು. ಹೆನ್ರಿ ಲಾರೆನ್ಸ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಫಿರಂಗಿ ಪಡೆಯ ಅಧಿಕಾರಿ. ಬ್ರಿಟಿಷ್ ಸಿಪಾಯಿಗಳ ಮಕ್ಕಳು ಬಯಲುಸೀಮೆಯ ಸೆಕೆಯಲ್ಲಿ ಸಾಯುತ್ತಿದ್ದುದನ್ನೂ ಬ್ಯಾರಕ್ಕಿನ ಕುಡಿತ-ಜಗಳಗಳ ನಡುವೆ ಬೆಳೆಯುತ್ತಿದ್ದುದನ್ನೂ ನೋಡಿ, ಅವರನ್ನು ತಂಪು ಬೆಟ್ಟಕ್ಕೆ ಸಾಗಿಸಿ ಓದಿಸಬೇಕೆಂದು 1847ರಲ್ಲಿ ಸಿಮ್ಲಾ ಬೆಟ್ಟಗಳ ಸನಾವರ್‌ನಲ್ಲಿ ಒಂದು ಆಶ್ರಯಶಾಲೆ ತೆರೆಸಿದರು. 1856ರಲ್ಲಿ ಅಬು ಬೆಟ್ಟದಲ್ಲಿ ಎರಡನೆಯದು ಬಂತು. 1857ರ ಜುಲೈನಲ್ಲಿ ಲಖನೌ ಮುತ್ತಿಗೆಯಲ್ಲಿ ಫಿರಂಗಿಯ ಸಿಡಿಗುಂಡಿನಿಂದ ಗಾಯಗೊಂಡು ಲಾರೆನ್ಸ್ ತೀರಿಕೊಂಡರು. ಅವರ ನೆನಪಿಗೆಂದು 1858ರಲ್ಲಿ ಊಟಿಯಲ್ಲಿ ಒಂದು, 1860ರಲ್ಲಿ ಈಗ ಪಾಕಿಸ್ತಾನದಲ್ಲಿರುವ ಮರ್ರಿಯ ಹತ್ತಿರ ಘೋರಾ ಗಲಿಯಲ್ಲಿ ಇನ್ನೊಂದು. ಊಟಿಯದು ಆರಂಭವಾದದ್ದು ಸ್ಟೋನ್‌ಹೌಸ್ ಗುಡ್ಡದಲ್ಲಿ. ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1820ರ ದಶಕದಲ್ಲಿ ಕಟ್ಟಿಸಿದ ಕಲ್ಲುಬಂಗಲೆಯ ಜಾಗ ಅದು. ಈಗ ಅಲ್ಲಿ ಸರ್ಕಾರಿ ಕಲಾ ಕಾಲೇಜು ಇದೆ. ಆಮೇಲೆ ಲವ್‌ಡೇಲ್ ಕಣಿವೆಯಲ್ಲಿ ರಾಬರ್ಟ್ ಚಿಶೋಮ್ ವಿನ್ಯಾಸ ಮಾಡಿದ, ಗಡಿಯಾರ ಗೋಪುರದ ದೊಡ್ಡ ಕಟ್ಟಡ ಎದ್ದಿತು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜು, ಸೆನೆಟ್ ಹೌಸ್ ಇವು ಅದೇ ಚಿಶೋಮ್ ಕೈಯವು. ನಮ್ಮ ಊಟಿಯ ನೀಲಗಿರಿ ಲೈಬ್ರರಿಯೂ ಅವರದೇ.

ಇಷ್ಟು ಸಾಕು, ಇದು ಎಲ್ಲರಿಗೂ ಸಿಗುವ ಸಂಗತಿ. ಇನ್ನು ನಿಜವಾದ ಕೆಲಸ.

ಸೈನಿಕರ ಮಕ್ಕಳ ಶಾಲೆಗೂ ಊರಿನ ಶಾಲೆಗೂ ಒಂದು ದೊಡ್ಡ ವ್ಯತ್ಯಾಸವಿದೆ. ಊರಿನ ಶಾಲೆಯ ಕಾಗದಪತ್ರ ಊರಿನಲ್ಲಿ ಉಳಿಯುತ್ತದೆ. ಪಡೆಶಾಲೆಯದು ಪಡೆಯ ಜೊತೆ ಹೋಗುತ್ತದೆ. ಹಾಗಾಗಿ ನೀವು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ‘ಯಾರು ಕಟ್ಟಿಸಿದರು’ ಎಂಬುದಲ್ಲ, ‘ಈ ವರ್ಷ ಇಲ್ಲಿನ ಮೇಷ್ಟರಿಗೆ ಸಂಬಳ ಕೊಟ್ಟವರು ಯಾರು’ ಎಂಬುದು. ಹಣ ಯಾವ ಇಲಾಖೆಯಿಂದ ಬಂತೋ ಆ ಇಲಾಖೆಯ ಕಡತದಲ್ಲಿ ಶಾಲೆಯ ಜಾತಕ ಇರುತ್ತದೆ. ಲವ್‌ಡೇಲ್ ಶಾಲೆಯ ಹೆಸರನ್ನೇ ಗಮನಿಸಿ. ಮೊದಲು ಲಾರೆನ್ಸ್ ಅಸೈಲಮ್; ಅನಾಥ ಮಕ್ಕಳಿಗೆ ಚಂದಾ ಎತ್ತಿ, ಸರ್ಕಾರದ ಅನುದಾನ ಸೇರಿಸಿ ನಡೆಸಿದ ಧರ್ಮಸಂಸ್ಥೆ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಲಾರೆನ್ಸ್ ಮೆಮೋರಿಯಲ್ ಸ್ಕೂಲ್ ಆಯಿತು. ಬಳಿಕ ಲಾರೆನ್ಸ್ ಮೆಮೋರಿಯಲ್ ರಾಯಲ್ ಮಿಲಿಟರಿ ಸ್ಕೂಲ್ ಆಯಿತು. ಅಂದರೆ ಸೈನ್ಯದ ಹಿಡಿತ ಬಿಗಿಯಾಯಿತು. ಸ್ವಾತಂತ್ರ್ಯ ಬಂದ ಮೇಲೆ, 1949ರಲ್ಲಿ, ರಕ್ಷಣಾ ಸಚಿವಾಲಯದ ಕೈಯಿಂದ ಶಿಕ್ಷಣ ಸಚಿವಾಲಯದ ಕೈಗೆ ಹೋಗಿ ಬರಿಯ ಲಾರೆನ್ಸ್ ಸ್ಕೂಲ್ ಆಯಿತು. ಒಂದೊಂದು ಫಲಕ ಬದಲಾದಾಗಲೂ ಕಡತ ಇಡುವ ಕಚೇರಿಯೂ ಬದಲಾಗಿದೆ ಎಂದು ತಿಳಿದುಕೊಳ್ಳಿ.

ಮನೆಯಲ್ಲಿ ಒಂದು ದೊಡ್ಡ ಹಾಳೆ ತೆಗೆದುಕೊಂಡು ಎಡಕ್ಕೆ ವರ್ಷ, ನಡುವೆ ಶಾಲೆಯ ಹೆಸರು, ಬಲಕ್ಕೆ ಹಣ ಕೊಟ್ಟ ಇಲಾಖೆ, ಅದರ ಪಕ್ಕದಲ್ಲಿ ಆ ಇಲಾಖೆಯ ಕಾಗದ ಈಗ ಇರುವ ಊರು, ಹೀಗೆ ಗೆರೆ ಎಳೆದುಕೊಳ್ಳಿ. ನನ್ನ ಹಾಳೆಯಲ್ಲಿ ಎರಡು ಕೆಂಪು ಗೆರೆಗಳಿವೆ. ಒಂದು 1868ರದು. ಆ ವರ್ಷ ನೀಲಗಿರಿ ಕೊಯಮತ್ತೂರು ಜಿಲ್ಲೆಯಿಂದ ಬೇರೆಯಾಗಿ ಒಬ್ಬ ಕಮಿಷನರ ಕೈಗೆ ಬಂತು. ಅದಕ್ಕೂ ಹಿಂದಿನ ಜಮೀನಿನ ವ್ಯವಹಾರವನ್ನು ನೀಲಗಿರಿ ಎಂಬ ತಲೆಬರಹದ ಕೆಳಗೆ ಹುಡುಕಿದರೆ ಸಿಗುವುದಿಲ್ಲ, ಕೊಯಮತ್ತೂರಿನ ಕೆಳಗೆ ಹುಡುಕಬೇಕು. ಇನ್ನೊಂದು 1895ರದು. ಆ ವರ್ಷ ಬಂಗಾಳ, ಮದ್ರಾಸು, ಬೊಂಬಾಯಿ ಎಂಬ ಮೂರು ಪ್ರಾಂತಗಳ ಬೇರೆ ಬೇರೆ ಪಡೆಗಳನ್ನು ರದ್ದು ಮಾಡಿ ಒಂದೇ ಸೇನೆ ಮಾಡಿದರು. ಆ ಗೆರೆಯ ಮೇಲಿನದಕ್ಕೆ ಚೆನ್ನೈ, ಕೆಳಗಿನದಕ್ಕೆ ಚೆನ್ನೈಯ ಜೊತೆಗೆ ದೆಹಲಿ. ಇದನ್ನು ತಿಳಿಯದೆ ಒಂದೇ ಊರಿನಲ್ಲಿ ಕೂತು ‘ದಾಖಲೆ ಇಲ್ಲ’ ಎಂದು ಬರೆದುಬಿಟ್ಟ ಪ್ರಬಂಧಗಳನ್ನು ನಾನು ಕಂಡಿದ್ದೇನೆ. ದಾಖಲೆ ಇದೆ, ಅದು ಇವರನ್ನು ಬಿಟ್ಟು ಬೇರೆ ರೈಲು ಹತ್ತಿದೆ, ಅಷ್ಟೇ.

ಚೆನ್ನೈಗೆ ಹೋಗುವವರು ಎಗ್ಮೋರ್ ನಿಲ್ದಾಣದಲ್ಲಿ ಇಳಿಯಿರಿ. ತಮಿಳುನಾಡು ಅಭಿಲೇಖಾಲಯ ಹತ್ತಿರದಲ್ಲೇ, ಗಾಂಧಿ-ಇರ್ವಿನ್ ರಸ್ತೆಯಲ್ಲಿದೆ. ಕಾಲೇಜಿನ ಅಥವಾ ಯಾವುದಾದರೂ ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪರಿಚಯಪತ್ರ, ಗುರುತಿನ ಚೀಟಿ, ಭಾವಚಿತ್ರ ಜೊತೆಗಿರಲಿ. ‘ಲವ್‌ಡೇಲ್ ಬಗ್ಗೆ ಇರುವುದನ್ನೆಲ್ಲ ಕೊಡಿ’ ಎಂದರೆ ಅಲ್ಲಿಯವರು ನಿಮ್ಮನ್ನು ಮೇಲಿಂದ ಕೆಳಗೆ ನೋಡುತ್ತಾರೆ. ಅವರಿಗೆ ಬೇಕಾದದ್ದು ಮೂರು: ಇಲಾಖೆ, ಆದೇಶದ ಸಂಖ್ಯೆ, ದಿನಾಂಕ. ಆ ಮೂರನ್ನು ತಿಳಿಯಲು ಆಯಾ ವರ್ಷದ ಸೂಚಿ ಸಂಪುಟಗಳನ್ನು ಮೊದಲು ಕೇಳಿ ಪಡೆದು, ಲಾರೆನ್ಸ್, ಅಸೈಲಮ್, ಊಟಕಮಂಡ್, ಮಿಲಿಟರಿ ಆರ್ಫನ್ ಎಂದು ಬೇರೆ ಬೇರೆ ತಲೆಬರಹಗಳ ಕೆಳಗೆ ಬೆರಳಾಡಿಸಿ. ಹಳೆಯ ಸ್ಥಳನಾಮಗಳೂ ಕೈಯಲ್ಲಿರಲಿ. ವೆಲಿಂಗ್ಟನ್ ದಂಡುಪ್ರದೇಶದ ಹಳೆಯ ಹೆಸರು ಜಕ್ಕತಳ್ಳ. 1860ಕ್ಕೂ ಹಿಂದಿನ ಕಾಗದಗಳಲ್ಲಿ ವೆಲಿಂಗ್ಟನ್ ಎಂದು ಹುಡುಕುವವನು ಬರಿಗೈಯಲ್ಲಿ ಬರುತ್ತಾನೆ.

ಎಗ್ಮೋರಿಗೆ ಹೋದಾಗ ಇನ್ನೊಂದು ಸಂಗತಿ ನೆನಪಿರಲಿ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ರುಚಿಕಟ್ಟಾದ ಭಾಗ ಇದೇ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಲವ್‌ಡೇಲ್ ಶಾಲೆಗೆ ಒಂದಲ್ಲ, ಎರಡು ಬೇರುಗಳು. ಒಂದು ಲಾರೆನ್ಸ್ ಅವರದು. ಇನ್ನೊಂದು ಅದಕ್ಕಿಂತ ಬಹಳ ಹಳೆಯದು: 1789ರಲ್ಲಿ ಮದ್ರಾಸಿನಲ್ಲಿ ತೆರೆದ, ಸೈನಿಕರ ಗಂಡುಮಕ್ಕಳ ಅನಾಥಾಲಯ. ಅದು 1870ರ ದಶಕದ ಆರಂಭದಲ್ಲಿ ಬೆಟ್ಟ ಹತ್ತಿ ಲಾರೆನ್ಸ್ ಅಸೈಲಮ್‌ಗೆ ಸೇರಿಕೊಂಡಿತು. ಅದರ ಮೊದಲ ಮೇಲ್ವಿಚಾರಕ ಆಂಡ್ರ್ಯೂ ಬೆಲ್ ಎಂಬ ಸ್ಕಾಟ್ಲೆಂಡಿನ ಪಾದ್ರಿ. ಆತನಿಗೆ ಮೇಷ್ಟರ ಕೊರತೆ. ಇದ್ದವರೂ ಹೇಳಿದ ಮಾತು ಕೇಳುತ್ತಿರಲಿಲ್ಲ. ಒಂದು ದಿನ ಕುದುರೆಯ ಮೇಲೆ ಹೋಗುವಾಗ ಊರಿನ ಶಾಲೆಯೊಂದರ ಮುಂದೆ ಮಕ್ಕಳು ನೆಲದ ಮೇಲೆ ಮರಳು ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದುತ್ತಿದ್ದುದನ್ನು ಕಂಡ. ಇದನ್ನು ಕಂಡು ಅಚ್ಚರಿಪಡಲು ಸ್ಕಾಟ್ಲೆಂಡಿನಿಂದಲೇ ಬರಬೇಕು; ನಮ್ಮ ಕೂಲಿಮಠಗಳಲ್ಲಿ ನಮ್ಮ ಅಜ್ಜಂದಿರು ಓನಾಮ ಕಲಿತದ್ದೇ ಹಾಗೆ. ಬೆಲ್ ತನ್ನ ಶಾಲೆಯಲ್ಲಿಯೂ ಅದನ್ನು ತಂದ. ಮೇಷ್ಟರು ಒಪ್ಪದಿದ್ದಾಗ, ಕಲಿತ ಹುಡುಗನೊಬ್ಬನನ್ನೇ ಕಿರಿಯರಿಗೆ ಕಲಿಸಲು ನಿಲ್ಲಿಸಿದ. ಕೆಲಸ ನಡೆಯಿತು. ಊರಿಗೆ ಮರಳಿ 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಿಕೆ ಅಚ್ಚು ಹಾಕಿಸಿದ. ಮುಂದೆ ಮದ್ರಾಸ್ ಪದ್ಧತಿ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡವರ ಶಾಲೆಗಳಲ್ಲೆಲ್ಲ ಹಬ್ಬಿತು. ನಮ್ಮ ಜಗುಲಿಯ ಮರಳು ಅಲ್ಲಿಯವರೆಗೆ ಹೋಯಿತು! ಶಾಲೆಯ ಚರಿತ್ರೆಯನ್ನು 1858ರಿಂದ ಶುರು ಮಾಡುವವರು ಇದನ್ನು ಪೂರಾ ಕಳೆದುಕೊಳ್ಳುತ್ತಾರೆ. ಆದ್ದರಿಂದ ಯಾವ ಶಾಲೆಯ ಚರಿತ್ರೆಯಾದರೂ ಸರಿ, ಅದರೊಳಗೆ ಕರಗಿಹೋದ ಹಳೆಯ ಶಾಲೆ ಯಾವುದು ಎಂದು ಕೇಳಲೇಬೇಕು.

ಅದೇ ಅನಾಥಾಲಯಕ್ಕೆ ಒಂದು ಮುದ್ರಣಾಲಯವಿತ್ತು. ವಿಲೀನದ ನಂತರವೂ ಲಾರೆನ್ಸ್ ಅಸೈಲಮ್ ಪ್ರೆಸ್ ಎಂಬ ಹೆಸರಿನಿಂದ ಮದ್ರಾಸಿನಲ್ಲಿ ಅದು ನಡೆಯುತ್ತಿತ್ತು. ಹಳೆಯ ಪುಸ್ತಕದಂಗಡಿಗಳಲ್ಲಿ ದಕ್ಷಿಣ ಭಾರತದ ಯಾವುದಾದರೂ ಇಂಗ್ಲಿಷ್ ಪುಸ್ತಕದ ಹಿಂದಿನ ಪುಟ ತೆರೆದರೆ ಆ ಹೆಸರು ಕಣ್ಣಿಗೆ ಬೀಳುತ್ತದೆ. ಅಲ್ಲಿಂದ ಹೊರಬರುತ್ತಿದ್ದ ವಾರ್ಷಿಕ ಪಂಚಾಂಗ ಮತ್ತು ಡೈರೆಕ್ಟರಿಯಲ್ಲಿ ಯಾವ ಊರಿನಲ್ಲಿ ಯಾರು ಯಾವ ಹುದ್ದೆಯಲ್ಲಿದ್ದರು ಎಂಬ ಪಟ್ಟಿ ಇರುತ್ತಿತ್ತು. ವರ್ಷ ವರ್ಷದ್ದನ್ನು ಪಕ್ಕ ಪಕ್ಕ ಇಟ್ಟು ನೋಡಿದರೆ ಮೇಷ್ಟರು ಬಂದು ಹೋದ ಲೆಕ್ಕ ತಾನಾಗಿಯೇ ಸಿಗುತ್ತದೆ.

ಅಚ್ಚಾದ ಪುಸ್ತಕಗಳಲ್ಲಿ ಮೂರನ್ನು ತಪ್ಪದೆ ನೋಡಿ: ಗ್ರಿಗ್ ಅವರ 1880ರ ನೀಲಗಿರಿ ಜಿಲ್ಲಾ ಕೈಪಿಡಿ, ಫ್ರಾನ್ಸಿಸ್ ಅವರ 1908ರ ಗೆಜೆಟಿಯರ್, ಅದೇ 1908ರಲ್ಲಿ ಬಂದ ಪ್ರೈಸ್ ಅವರ ಊಟಕಮಂಡ್ ಚರಿತ್ರೆ. ಮೂವರೂ ಸರ್ಕಾರಿ ಅಧಿಕಾರಿಗಳು, ಆದ್ದರಿಂದ ಕಟ್ಟಡದ ಖರ್ಚಿನ ವಿಷಯದಲ್ಲಿ ನಂಬಬಹುದು. ಮಕ್ಕಳು ಹೇಗಿದ್ದರು ಎಂಬ ವಿಷಯದಲ್ಲಿ ಅವರ ಮಾತಿಗೆ ಎರಡನೆಯ ಸಾಕ್ಷಿ ಬೇಕು.

ಇನ್ನು ಮಕ್ಕಳನ್ನು ಹುಡುಕುವ ಕೆಲಸ. ನಿಮ್ಮ ಹತ್ತಿರ ಒಂದು ಹೆಸರು ಇದ್ದರೆ, ಶಾಲೆಯ ದಾಖಲಾತಿ ಪುಸ್ತಕಕ್ಕಿಂತ ಮೊದಲು ಇಗರ್ಜಿಯ ಪುಸ್ತಕ ನೋಡಿ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಪಾದ್ರಿಗಳು ಜ್ಞಾನಸ್ನಾನ, ಮದುವೆ, ಮಣ್ಣು ಮಾಡಿದ ವಿವರಗಳ ನಕಲನ್ನು ಲಂಡನ್ನಿಗೆ ಕಳುಹಿಸಬೇಕಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ. ಮದ್ರಾಸ್ ಪ್ರಾಂತದ ಸರಣಿಗೆ ಎನ್-2 ಎಂಬ ಗುರುತು. ಇವುಗಳ ಚಿತ್ರಗಳನ್ನು ಫೈಂಡ್‌ಮೈಪಾಸ್ಟ್ ಎಂಬ ಜಾಲತಾಣದಲ್ಲಿ ಹಣ ಕಟ್ಟಿ ನೋಡಬಹುದು. ಬ್ರಿಟಿಷ್ ಭಾರತದ ಕುಟುಂಬಗಳ ಬಗ್ಗೆ ಕೆಲಸ ಮಾಡುವ ಫಿಬಿಸ್ ಎಂಬ ಸಂಘದ ಸೂಚಿಗೆ ಹಣವಿಲ್ಲ. ಮೊದಲು ಅಲ್ಲಿ ಹುಡುಕಿ, ಸಿಕ್ಕ ಮೇಲೆ ಹಣ ಖರ್ಚು ಮಾಡಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದ ಅಭಿಲೇಖ ಪಟಲ್ ಜಾಲತಾಣವೂ ಪುಕ್ಕಟೆಯೇ.

ಇಂಥ ಪುಟವೊಂದನ್ನು ಓದುವ ಬಗೆ ಹೇಳುತ್ತೇನೆ. ಎಡದಿಂದ ಬಲಕ್ಕೆ ಕಾಲಂಗಳು: ಜ್ಞಾನಸ್ನಾನದ ದಿನ, ಹುಟ್ಟಿದ ದಿನ, ಮಗುವಿನ ಹೆಸರು, ತಂದೆತಾಯಿಯ ಹೆಸರು, ಅವರ ವಾಸಸ್ಥಳ, ತಂದೆಯ ಉದ್ಯೋಗ, ಕೊನೆಯಲ್ಲಿ ಪಾದ್ರಿಯ ಸಹಿ. ಎಲ್ಲರ ಕಣ್ಣೂ ಹೆಸರಿನ ಮೇಲೆ ಬೀಳುತ್ತದೆ. ನೀವು ಮೊದಲು ಎರಡು ದಿನಾಂಕಗಳ ಅಂತರ ನೋಡಿ. ಹುಟ್ಟಿ ಹದಿನೈದು ದಿನಕ್ಕೆ ಜ್ಞಾನಸ್ನಾನ ಆಗಿದ್ದರೆ ತಂದೆ ಇದ್ದುದು ಪಾದ್ರಿಯಿದ್ದ ದೊಡ್ಡ ದಂಡಿನಲ್ಲಿ. ಎರಡು ವರ್ಷ ತಡವಾಗಿದ್ದರೆ ಯಾವುದೋ ಮೂಲೆಯ ಠಾಣೆ. ಎಂಟು-ಒಂಬತ್ತು ವರ್ಷ ತಡವಾಗಿದ್ದರೆ, ಅನಾಥಾಲಯಕ್ಕೆ ಸೇರಿಸುವ ಹೊತ್ತಿಗೆ ಮಾಡಿಸಿದ್ದಿರಬಹುದು; ಆಗ ಹುಟ್ಟಿದ ದಿನಾಂಕ ಅಂದಾಜಿನದು ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಳ್ಳಿ. ಉದ್ಯೋಗದ ಕಾಲಂನಲ್ಲಿ ಗನ್ನರ್, ಪ್ರೈವೇಟ್ ಎಂದಿದ್ದರೆ ತೊಂದರೆಯಿಲ್ಲ. ಕಂಡಕ್ಟರ್ ಎಂದಿದ್ದರೆ ನಮ್ಮ ಬಸ್ಸಿನವನು ಎಂದುಕೊಂಡು ನಗಬೇಡಿ. ಮದ್ದುಗುಂಡಿನ ಉಗ್ರಾಣ ನೋಡಿಕೊಳ್ಳುವ, ಸಾಮಾನ್ಯ ಸಿಪಾಯಿಗಿಂತ ಮೇಲಿನ ಹುದ್ದೆ ಅದು.

ಆಮೇಲೆ ತಾಯಿಯ ಹೆಸರು. ಹಳೆಯ ಪುಟಗಳಲ್ಲಿ ಎಷ್ಟೋ ಕಡೆ ತಂದೆಯ ಪೂರ್ತಿ ಹೆಸರಿದ್ದು ತಾಯಿಯ ಜಾಗದಲ್ಲಿ ‘ದೇಶೀಯ ಹೆಂಗಸು’ ಎಂದಷ್ಟೇ ಬರೆದಿರುತ್ತದೆ. ಬೆಲ್ ಕಲಿಸಿದ ಹುಡುಗರಲ್ಲಿ ಬಹುಪಾಲು ಇಂಥ ತಾಯಂದಿರ ಮಕ್ಕಳೇ. ಅವರು ತಮಿಳರೋ ತೆಲುಗರೋ ಶ್ರೀರಂಗಪಟ್ಟಣದ ದಂಡಿನ ಬಳಿಯ ಕನ್ನಡದವರೋ, ಪುಟ ಬಾಯಿ ಬಿಡುವುದಿಲ್ಲ. ಸಂಶೋಧಕರು ಈ ಸಾಲನ್ನು ಹಾರಿಸಿ ಮುಂದೆ ಹೋಗುತ್ತಾರೆ. ನೀವು ಹಾರಿಸಬೇಡಿ. ಹೆಸರಿಲ್ಲದ ಪ್ರತಿಯೊಂದು ತಾಯಿಯನ್ನೂ ನಿಮ್ಮ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ಬರೆದು, ಪಡೆ ಆ ವರ್ಷ ಎಲ್ಲಿತ್ತು ಎಂಬುದನ್ನು ಪಕ್ಕದಲ್ಲಿ ಹಾಕಿ. ಹಾಗೆ ನೂರು ಸಾಲು ಸೇರಿದಾಗ ಈ ಶಾಲೆಯ ಮಕ್ಕಳು ಯಾವ ಊರುಗಳ ಹೊಟ್ಟೆಯಲ್ಲಿ ಹುಟ್ಟಿದರು ಎಂಬ ನಕ್ಷೆ ತಯಾರಾಗುತ್ತದೆ. ಸನಾವರ್‌ನ ನಿಯಮದಲ್ಲಂತೂ ಅಪ್ಪಅಮ್ಮ ಇಬ್ಬರೂ ಯುರೋಪಿನವರಾದ ಮಕ್ಕಳಿಗೇ ಮೊದಲ ಜಾಗ ಎಂದು ಇತ್ತು. ಆ ತಕ್ಕಡಿ ಲವ್‌ಡೇಲ್‌ನಲ್ಲಿ ಹೇಗೆ ತೂಗಿತು ಎಂಬುದನ್ನು ಈ ನಕ್ಷೆಯ ಪಕ್ಕದಲ್ಲಿ ಇಟ್ಟು ಪರೀಕ್ಷಿಸಿ.

ಸೇರಿಸದೆ ಬಿಟ್ಟವರ ಬಗ್ಗೆಯೂ ಒಂದು ಅಧ್ಯಾಯ ಇರಲಿ. ಅದೇ ಮದ್ರಾಸ್ ಪಡೆಯಲ್ಲಿ ಅದೇ ಯುದ್ಧಗಳಲ್ಲಿ ಸತ್ತ ನಮ್ಮ ಸಿಪಾಯಿಗಳ ಮಕ್ಕಳಿಗಾಗಿ ಕಿಂಗ್ ಜಾರ್ಜ್ ಹೆಸರಿನ ಸೈನಿಕ ಶಾಲೆಗಳು ಬಂದದ್ದು 1925ರಲ್ಲಿ, ಅದೂ ದೂರದ ಜಲಂಧರ್, ಝೇಲಂಗಳಲ್ಲಿ. ಬೆಳಗಾವಿಗೆ ಬಂದದ್ದು 1945ರಲ್ಲಿ, ಬೆಂಗಳೂರಿಗೆ 1946ರಲ್ಲಿ. ಕನ್ನಡದ ಓದುಗನಿಗೆ ಈ ಹೋಲಿಕೆ ಲವ್‌ಡೇಲ್‌ನ ಗಡಿಯಾರ ಗೋಪುರಕ್ಕಿಂತ ಮುಖ್ಯ ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಗೋಪುರದ ಬಗ್ಗೆಯೇ ಬರೆಯಲಿ.

ಲೆಕ್ಕದ ಪುಸ್ತಕ ಸಿಕ್ಕಿದರೆ ಹಬ್ಬ. ಆದರೆ ಅದಕ್ಕೆ ಸ್ವಲ್ಪ ತಯಾರಿ ಬೇಕು. ರೂಪಾಯಿಗೆ ಹದಿನಾರು ಆಣೆ, ಆಣೆಗೆ ಹನ್ನೆರಡು ಪೈ. ಇದು ನಮ್ಮ ತಂದೆಯವರಿಗೆ ಬಾಯಿಪಾಠ, ಈಗಿನ ಹುಡುಗರಿಗೆ ಹೇಳಿಕೊಡಬೇಕು. ಅದಕ್ಕಿಂತ ದೊಡ್ಡ ಗುಂಡಿ ಮಣದ್ದು. ಮದ್ರಾಸಿನ ಮಣ ಎಂದರೆ 25 ಪೌಂಡು, ಎಂಟು ವೀಸೆ. ಬಂಗಾಳದ ಮಣ 82 ಪೌಂಡಿಗೂ ಸ್ವಲ್ಪ ಹೆಚ್ಚು. ಲವ್‌ಡೇಲ್‌ನ ಅಕ್ಕಿಯನ್ನು ಸನಾವರ್‌ನ ಹಿಟ್ಟಿನ ಜೊತೆ ಹೋಲಿಸುವಾಗ ಇದನ್ನು ಮರೆತರೆ ಒಂದು ಕಡೆಯ ಮಕ್ಕಳಿಗೆ ಮೂರು ಪಟ್ಟು ಊಟ ಬಡಿಸಿಬಿಡುತ್ತೀರಿ.

ಹಳೆಯ ಫೋಟೋಗಳಿಗೆ ತಾರೀಖು ಹಚ್ಚುವುದು ನನಗೆ ಬಲು ಇಷ್ಟದ ಕೆಲಸ, ಇದರಲ್ಲಿ ರೈಲಿನವನ ಅಹಂಕಾರವೂ ಸೇರಿದೆ. ಮೆಟ್ಟುಪಾಳ್ಯದಿಂದ ಕೂನೂರಿಗೆ ರೈಲು ಬಂದದ್ದು 1899ರಲ್ಲಿ. ಕೂನೂರಿನಿಂದ ಲವ್‌ಡೇಲ್ ದಾಟಿ ಊಟಿಗೆ ಬಂದದ್ದು 1908ರಲ್ಲಿ. ಕಣಿವೆಯಲ್ಲಿ ಹಳಿ ಕಂಡರೆ ಚಿತ್ರ 1908ಕ್ಕೆ ಈಚಿನದು, ಚರ್ಚೆ ಬೇಡ. ಹಲ್ಲುಹಳಿಯ (ಎಂಜಿನ್ನಿನ ಹಲ್ಲುಚಕ್ರ ಕಚ್ಚಿಕೊಂಡು ಏರುವ ಹಳಿಯ) ಮೇಲೆ ಏರುತ್ತಿರುವ ಉಗಿಬಂಡಿಯ ಚಿತ್ರಕ್ಕೆ ‘ಲವ್‌ಡೇಲ್‌ಗೆ ಬರುತ್ತಿರುವ ಮಕ್ಕಳು’ ಎಂದು ಅಡಿಬರಹ ಹಾಕಿದ್ದರೂ ಅದು ಲವ್‌ಡೇಲ್ ಹತ್ತಿರ ತೆಗೆದದ್ದಲ್ಲ. ಹಲ್ಲುಹಳಿ ಇರುವುದು ಕಲ್ಲಾರಿನಿಂದ ಕೂನೂರಿನವರೆಗೆ ಮಾತ್ರ. ಹಿನ್ನೆಲೆಯ ಗುಡ್ಡಗಳನ್ನೂ ನೋಡಿ. ಬೋಳು ಹುಲ್ಲುಗುಡ್ಡ ಇದ್ದರೆ ಹಳೆಯ ಚಿತ್ರ. ನೀಲಗಿರಿ ಮರಗಳು ಒತ್ತಾಗಿ ಎದ್ದಿದ್ದರೆ ಈಚಿನದು. ಆ ಮರ ಆಸ್ಟ್ರೇಲಿಯಾದಿಂದ ಬಂದು ನಮ್ಮ ಬೆಟ್ಟದ ಹೆಸರನ್ನೇ ಇಟ್ಟುಕೊಂಡುಬಿಟ್ಟಿದೆ.

ಸಮಾಧಿಕಲ್ಲು ಓದಲು ಹೋಗುವವರಿಗೆ. ಊಟಿಯಲ್ಲಿ ಸೇಂಟ್ ಸ್ಟೀಫನ್ ಇಗರ್ಜಿಯ ಹಿಂದಿನ ಇಳಿಜಾರಿನಲ್ಲಿ ಹಳೆಯ ಸಮಾಧಿಗಳಿವೆ. 1830ರ ಈ ಇಗರ್ಜಿಯ ತೊಲೆಗಳು ಶ್ರೀರಂಗಪಟ್ಟಣದ ಟಿಪ್ಪುವಿನ ಅರಮನೆಯವು. ಒಳಗೆ ಹೋದವರು ಒಮ್ಮೆ ತಲೆಯೆತ್ತಿ ನೋಡಿ. ಕಚೇರಿಯಲ್ಲಿ ಕೇಳಿಯೇ ಸಮಾಧಿಗಳತ್ತ ಹೋಗಬೇಕು. ನಮ್ಮ ಮಂಜಿಗೆ ಕಲ್ಲಿನ ಮೇಲೆ ಹಾವಸೆ ಕಟ್ಟಿ ಅಕ್ಷರ ಮುಚ್ಚಿರುತ್ತದೆ. ತಂತಿ ಬ್ರಷ್, ಆಸಿಡ್, ಸೀಮೆಸುಣ್ಣ ಯಾವುದನ್ನೂ ಮುಟ್ಟಿಸಬೇಡಿ. ಕಲ್ಲಿನ ಮೇಲ್ಪದರ ಕಿತ್ತು ಬಂದು, ನೂರೈವತ್ತು ವರ್ಷ ಉಳಿದ ಹೆಸರು ನಿಮ್ಮ ಕೈಯಲ್ಲೇ ಹೋಗುತ್ತದೆ. ಬೆಳಿಗ್ಗೆ ಬಿಸಿಲು ಓರೆಯಾಗಿ ಬೀಳುವ ಹೊತ್ತಿಗೆ ಹೋಗಿ. ಬಿಸಿಲಿಲ್ಲದಿದ್ದರೆ ಒಬ್ಬರು ಮೊಬೈಲಿನ ಟಾರ್ಚನ್ನು ಕಲ್ಲಿಗೆ ಸವರುವಂತೆ ಪಕ್ಕದಿಂದ ಹಿಡಿಯಲಿ, ಇನ್ನೊಬ್ಬರು ನೇರ ನಿಂತು ಫೋಟೋ ತೆಗೆಯಲಿ. ಎದುರಿನಿಂದ ಬೆಳಕು ಬಿಟ್ಟಾಗ ಮಟ್ಟಸವಾಗಿ ಕಂಡ ಕಲ್ಲಿನಲ್ಲಿ ಪಕ್ಕದ ಬೆಳಕಿಗೆ ಅಕ್ಷರದ ಒಂದೊಂದು ಅಂಚಿಗೂ ನೆರಳು ಹುಟ್ಟಿ, ಪಡೆಯ ಸಂಖ್ಯೆಯವರೆಗೂ ಓದಲು ಬರುತ್ತದೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ಚಿತ್ರ ತೆಗೆಯಿರಿ. ಅಕ್ಷರ ಅರ್ಧ ಹೋಗಿದ್ದರೆ ಊಹಿಸಿ ತುಂಬಬೇಡಿ, ಚುಕ್ಕಿ ಹಾಕಿ ಬಿಡಿ.

ಕಾಗದ, ಕಲ್ಲು ಎರಡೂ ದೊರೆಗಳ ಮಾತನ್ನೇ ಹೇಳುತ್ತವೆ. ಆ ಮಕ್ಕಳಿಗೆ ಅನ್ನ ಬೇಯಿಸಿದವರು, ಬಟ್ಟೆ ಒಗೆದವರು, ಸೌದೆ ಹೊತ್ತವರು ನಮ್ಮವರು. ನಮ್ಮ ತಾತ ಕೇತ್ತಿ ಕಣಿವೆಯಿಂದ ಆ ಕಡೆಗೆಲ್ಲ ಆಲೂಗಡ್ಡೆ, ಎಲೆಕೋಸಿನ ಗಾಡಿ ಹೊಡೆಯುತ್ತಿದ್ದವರು. ಅಂಥವರ ಮನೆಗಳಲ್ಲಿ ಕೂತು ಕೇಳಬೇಕು. ಈ ಬೆಟ್ಟದ ರೈತಾಪಿ ಜನರಾದ ಬಡಗರ ಹಟ್ಟಿಗಳಿಗೆ ಕನ್ನಡದವರು ಹೋದರೆ ಅರ್ಧ ಕೆಲಸ ಆದಂತೆ. ಅವರ ಬಡಗು ಮಾತು ನಮಗೆ ತಿಳಿಯುತ್ತದೆ, ನಮ್ಮದು ಅವರಿಗೆ ತಿಳಿಯುತ್ತದೆ. ಹೋದ ಕೂಡಲೇ ರೆಕಾರ್ಡರ್ ಹೊರತೆಗೆಯಬೇಡಿ. ಇಸವಿಯನ್ನಂತೂ ಕೇಳಲೇಬೇಡಿ. ಒಬ್ಬ ಹೆತ್ತೆಯನ್ನು, ಅಂದರೆ ಬಡಗರ ಅಜ್ಜಿಯನ್ನು, ಅವರ ಯಜಮಾನರು ತರಕಾರಿ ಹೊರುವುದನ್ನು ಯಾವಾಗ ಬಿಟ್ಟರು ಎಂದು ಜೊತೆಗೆ ಬಂದಿದ್ದ ಹುಡುಗ ಕೇಳಿದ.

‘ವರ್ಷ ಯಾರಿಗೆ ಗೊತ್ತು, ಮಗ? ನನ್ನ ಎರಡನೆಯ ಮಗಳು ತೊಟ್ಟಿಲಲ್ಲಿದ್ದಳು. ರೈಲು ನಿಂತುಹೋಗಿತ್ತು.’

‘ಮಳೆಗೆ ಹಳಿ ಕುಸಿದು ನಿಂತಿತ್ತೋ, ಹೆತ್ತೆ, ಇಲ್ಲ ರೈಲಿನವರೇ ನಿಲ್ಲಿಸಿದ್ದರೋ?’ ಎಂದು ನಾನು ಕೇಳಿದೆ.

‘ನಿಮ್ಮವರೇ ನಿಲ್ಲಿಸಿದ್ದು. ಮಳೆಯೇ ಇರಲಿಲ್ಲ.’

ಅಲ್ಲಿಗೆ ಉತ್ತರ ಸಿಕ್ಕಿತು: 1974ರ ಮೇ ತಿಂಗಳ ರೈಲ್ವೆ ಮುಷ್ಕರ. ಹೀಗೆ ಊರಿಗೆಲ್ಲ ನೆನಪಿರುವ ಘಟನೆಗಳ ಪಟ್ಟಿಯೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಸಿಲೋನಿನಿಂದ ತೋಟದ ಕೆಲಸಕ್ಕೆ ಜನ ಮರಳಿ ಬಂದದ್ದು, 1978ರ ಮಳೆಗೆ ಗುಡ್ಡ ಜರಿದದ್ದು, ಆಯಾ ಹಟ್ಟಿಯ ಹಬ್ಬ, ದೊಡ್ಡ ಸಾವು. ‘ದೊರೆ ಕಾಲದಲ್ಲಿ’ ಎಂಬ ಮಾತು ಬಂದರೆ ಮಾತ್ರ ಎಚ್ಚರ. ಚಹಾತೋಟದ ಮ್ಯಾನೇಜರರನ್ನು ಈಗಲೂ ದೊರೆ ಎನ್ನುವ ಬೆಟ್ಟ ಇದು. ಆ ಕಾಲ 1930 ಆಗಿರಬಹುದು, 1980 ಕೂಡ ಆಗಿರಬಹುದು. ಏನು ತಿಂದರು, ಯಾವ ಪಾತ್ರೆಯಲ್ಲಿ ತಿಂದರು, ಗಂಟೆ ಎಷ್ಟು ಸಲ ಹೊಡೆಯುತ್ತಿತ್ತು, ಉಳಿದ ಬ್ರೆಡ್ಡು ಯಾರ ಮನೆಗೆ ಹೋಗುತ್ತಿತ್ತು ಎಂದು ಕೇಳಿ. ವಸ್ತುವಿನ ಬೆನ್ನು ಹಿಡಿದರೆ ಮಾತು ತಾನಾಗಿ ಬರುತ್ತದೆ.

ಈ ವಿಧಾನ ಲವ್‌ಡೇಲ್‌ಗೆ ಮಾತ್ರವಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ ಜರ್ಮನಿಯಲ್ಲಿ ಬೀಡುಬಿಟ್ಟ ತನ್ನ ಸೈನಿಕರ ಮಕ್ಕಳಿಗಾಗಿ 1946ರ ಅಕ್ಟೋಬರ್‌ನಲ್ಲಿ ಶಾಲೆಗಳನ್ನು ತೆರೆಯಿತು. ಬ್ರಿಟಿಷರೂ ಅಲ್ಲಿ ತಮ್ಮ ಶಾಲೆಗಳನ್ನು ನಡೆಸಿದರು. ನೆಲೆ ಮುಚ್ಚಿದಾಗ ಶಾಲೆ ಮುಚ್ಚಿತು, ಫಲಕ ಇಳಿಯಿತು, ಕಟ್ಟಡ ಜರ್ಮನರ ಕೈಗೆ ಹೋಯಿತು. ಊರೇ ಇಲ್ಲದ ಇಂಥ ಶಾಲೆಗಳ ಚಿತ್ರ, ವಾರ್ಷಿಕ ಪುಸ್ತಕ, ಬ್ಯಾಡ್ಜುಗಳನ್ನು ಕೂಡಿಡಲು ಅಮೆರಿಕದ ನಿವೃತ್ತ ಮೇಷ್ಟರೇ ಒಂದು ಸಂಘ ಕಟ್ಟಿಕೊಂಡು, ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ಸಂಗ್ರಹ ಮಾಡಿದ್ದಾರೆ. ನಿಮ್ಮ ಪರಿಚಯದ ಯಾರಾದರೂ ಅಂಥ ಶಾಲೆಯ ಬಗ್ಗೆ ಬರೆಯುವವರಿದ್ದರೆ ಅವರಿಗೂ ಅದೇ ಹಾಳೆ, ಅದೇ ನಾಲ್ಕು ಕಾಲಂ ಸಾಕು.

ಇಷ್ಟೆಲ್ಲ ಆದ ಮೇಲೆ ಶಾಲೆಯ ಗೇಟಿಗೆ ಹೋಗಿ. ಮೊದಲೇ ಪತ್ರ ಬರೆದು, ರಜೆಯ ದಿನಗಳನ್ನು ತಪ್ಪಿಸಿ, ಕೇಳಿದ ದಿನಕ್ಕೇ ಹೋಗಿ. ಅದು ಮಕ್ಕಳು ವಾಸ ಮಾಡುವ ಜಾಗ; ಕ್ಯಾಮೆರಾವನ್ನು ಅವರತ್ತ ತಿರುಗಿಸಬೇಡಿ. ‘ಏನಾದರೂ ಇದೆಯೇ’ ಎಂದು ಕೇಳದೆ, ‘ಇಂಥ ವರ್ಷದ, ಇಂಥ ಹೆಸರಿನ ಹುಡುಗಿಯ ದಾಖಲಾತಿ ನೋಡಬಹುದೇ’ ಎಂದು ನಿರ್ದಿಷ್ಟವಾಗಿ ಕೇಳಿ. ಕೇಳುವವನಿಗೆ ವಿಷಯ ಗೊತ್ತಿದೆ ಎಂದು ಕಂಡರೆ ಬೀರುವಿನ ಬೀಗ ತೆರೆಯುತ್ತದೆ, ನಾನು ನೋಡಿದ್ದೇನೆ.

ಬರೆದು ಮುಗಿಸಿದ ಮೇಲೆ ಕೊನೆಯಲ್ಲಿ ಹೆಸರುಗಳ ಅಕಾರಾದಿಯನ್ನು ಸೇರಿಸಿ. ಅದರಲ್ಲಿ ಗವರ್ನರರ ಹೆಸರು ಇಲ್ಲದಿದ್ದರೂ ನಡೆಯುತ್ತದೆ, ಅಡುಗೆಯವರ ಹೆಸರು ಇರಲಿ. ಒಂದು ಪ್ರತಿ ನೀಲಗಿರಿ ಲೈಬ್ರರಿಗೆ, ಒಂದು ಶಾಲೆಗೆ, ಒಂದು ಮೈಸೂರಿನ ಯಾವುದಾದರೂ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ. ಮಾತಾಡಿದ ಪ್ರತಿ ಮನೆಗೂ ಅವರ ಮಾತು ಇರುವ ಪುಟಗಳ ನಕಲನ್ನು ನೀವೇ ಹೋಗಿ ಕೊಟ್ಟು ಬನ್ನಿ, ಅಂಚೆಗೆ ಹಾಕಬೇಡಿ. ಕೊಡಲು ಹೋದಾಗ ಇನ್ನೊಂದು ಹಳೆಯ ಫೋಟೋ ಹೊರಗೆ ಬಂದರೆ, ಸ್ಕ್ಯಾನ್ ಮಾಡಿಕೊಂಡು ಅಲ್ಲೇ ಹಿಂತಿರುಗಿಸಿ.